ಅಡುಗೆ ಲೆಕ್ಕ ಎಲ್ಲಿದೆ ಅಣ್ಣಂದಿರೇ?

ಪೋಸ್ಟ್ ಉದ್ದ ಇದೆ. ಪುರಸೊತ್ತು ಇದ್ದಾಗ ಓದಿ, ಆದ್ರೆ ಪೂರ್ತಿ ಓದಿ. ಅರ್ಧ ಓದಿ ಕಾಮೆಂಟ್ ಹಾಕೋರಿಗೆ ನಾನು ಉತ್ತರ ಕೊಡಲ್ಲ.

ಹೋದ ಭಾನುವಾರ ನಮ್ಮವ್ವನ ಹೊಲಿಗೆ ಮಿಷನ್ನಿನ ಫೋಟೊ ಹಾಕಿದ್ದೆ. ಕಾಲಲ್ಲಿ ತುಳಿಯೋ ಹಳೇ ಮಿಷನ್ನು. ಅದರ ಮೇಲೆ ಅರ್ಧ ಮುಗಿದ ಕೌದಿ. ಕೆಳಗೆ ಎರಡು ಸಾಲು ಬರೆದಿದ್ದೆ: ಇದನ್ನ ತುಳಿದೇ ಅವ್ವ ನನ್ನನ್ನೂ ತಮ್ಮನ್ನೂ ಓದಿಸಿದಳು ಅಂತ. ಅಷ್ಟೇ. ರಾತ್ರಿ ಹತ್ತೂವರೆಗೆ ಸಂಘಟನೆಯ ಹಿರಿಯರೊಬ್ಬರ ಮೆಸೇಜ್ ಬಂತು. "ತಂಗಿ, ಅಡುಗೆ, ಹೊಲಿಗೆ ಇವೆಲ್ಲ ಮನೆ ವಿಷಯ. ನಿನ್ನಂಥೋರು ಒಳಮೀಸಲಾತಿ, ಭೂಮಿ, ದೌರ್ಜನ್ಯ ಇಂಥ ಗಂಭೀರ ವಿಷಯ ಬರೀಬೇಕು. ಇದನ್ನ ಬರೆಯೋಕೆ ಬೇರೆಯವರಿದ್ದಾರೆ."

ಅವರ ಹೆಸರು ಹೇಳಲ್ಲ. ಕೆಟ್ಟವರಲ್ಲ. ನಾನು ಪಿಯುಸಿಗೆ ಸೇರಿದಾಗ ಹಾಸ್ಟೆಲ್ ಸೀಟಿಗೆ ನನ್ನ ಜೊತೆ ಮೂರು ದಿನ ಅಲೆದವರು ಅವರೇ. ಇನ್‌ಬಾಕ್ಸಲ್ಲೇ ಉತ್ತರ ಕೊಡಬಹುದಿತ್ತು. ಆದ್ರೆ ಇದು ಅವರೊಬ್ಬರ ಮಾತಲ್ಲ. ಇಪ್ಪತ್ತು ವರ್ಷದಿಂದ ಸಭೆಗಳಲ್ಲಿ, ಚಾ ಅಂಗಡಿಗಳಲ್ಲಿ, ಜಾಥಾ ವ್ಯಾನುಗಳಲ್ಲಿ ಇದನ್ನೇ ಬೇರೆ ಬೇರೆ ಬಾಯಲ್ಲಿ ಕೇಳಿದೀನಿ. ಅದಕ್ಕೇ ಎಲ್ಲರ ಮುಂದೆ ಬರೀತಿದೀನಿ.

ನಾನು ಹೇಳೋದು ಇಷ್ಟು. ಜಾತಿ ಊರಬಾಗಿಲಲ್ಲಿ, ದೇವಸ್ಥಾನದ ಮೆಟ್ಟಿಲ ಮೇಲೆ ಮಾತ್ರ ಇಲ್ಲ. ಅದು ಒಲೆ ಮುಂದೆ ಇದೆ, ತಟ್ಟೇಲಿ ಇದೆ, ರವಿಕೆ ಅಳತೇಲಿ ಇದೆ. ನಮ್ಮ ಮೇಲೆ ಜಾತಿ ಹೇರಿದವರು ಅಡುಗೆ, ಬಟ್ಟೆಯನ್ನ ಯಾವತ್ತೂ "ಮನೆ ವಿಷಯ" ಅಂತ ಬಿಟ್ಟಿಲ್ಲ. ಬಿಟ್ಟವರು ನಾವು. ಬಿಟ್ಟು, ಆ ಭಾರವನ್ನ ನಮ್ಮದೇ ಹೆಂಗಸರ ತಲೆ ಮೇಲೆ ಹೊರಿಸಿ, ವೇದಿಕೆ ಹತ್ತಿದೀವಿ.

ಬಟ್ಟೆಯಿಂದ ಶುರು ಮಾಡ್ತೀನಿ.

ನಮ್ಮದು ಚಿತ್ರದುರ್ಗ ಸೀಮೆಯ ಒಂದು ಊರು. ಅವ್ವ ಮದುವೆಯಾಗಿ ಬಂದಾಗ ಊರಲ್ಲಿ ಒಬ್ಬ ದರ್ಜಿ ಇದ್ದ. ನಮ್ಮ ಕೇರಿಯವರ ಮೈಗೆ ಟೇಪು ಮುಟ್ಟಿಸ್ತಿರಲಿಲ್ಲ. ಅಳತೆಗೆ ಅಂತ ಹಳೇ ರವಿಕೆ ಒಯ್ಯಬೇಕು. ಅದನ್ನ ಅವನ ಕೈಗೆ ಕೊಡೋ ಹಾಗಿಲ್ಲ, ಜಗಲಿ ಮೇಲೆ ಇಟ್ಟು ಹಿಂದೆ ಸರೀಬೇಕು. ಅವನು ಅದನ್ನ ಕೋಲಲ್ಲಿ ಎಳಕೊಂಡು, ನೀರು ಚಿಮುಕಿಸಿ, ಆಮೇಲೆ ಮುಟ್ಟೋನು. ಹೊಲಿದ ಹೊಸ ರವಿಕೆಯನ್ನೂ ಹಂಗೇ ಎಸೆಯೋನು. ದುಡ್ಡು ಮಾತ್ರ ಕೈಗೇ ತಗೊಳ್ಳೋನು. ಅಳತೆ ತಪ್ಪಿ ತೋಳು ಬಿಗಿಯಾದ್ರೆ ಕೇಳೋಕೆ ಇಲ್ಲ. "ನಿಮಗೆ ಇಷ್ಟು ಸಾಲ್ದಾ" ಅನ್ನೋನು. ಅವ್ವ ಹೊಲಿಗೆ ಕಲಿತದ್ದು ಯಾವುದೋ "ಮಹಿಳಾ ಸಬಲೀಕರಣ"ಕ್ಕಲ್ಲ. ಇನ್ನೊಂದು ಸಲ ಆ ಜಗಲಿಗೆ ಹೋಗಬಾರದು ಅಂತ ಕಲಿತಳು. ಸಾಲ ಮಾಡಿ ಹಳೇ ಮಿಷನ್ ತಂದಳು. ಮೊದಲು ಹೊಲಿದದ್ದು ಕೇರಿಯ ಮುದುಕಿಯರ ರವಿಕೆ. ಅವರ ಮೈಗೆ ಟೇಪು ಹಿಡಿದು ಅಳತೆ ತಗೊಂಡಾಗ ಒಬ್ಬ ಅಜ್ಜಿ ನಾಚಿಕೊಂಡು ನಕ್ಕಳಂತೆ. ಅರವತ್ತು ವರ್ಷಕ್ಕೆ ಅವಳ ಮೈಗೆ ಯಾರೋ ಅಳತೆ ಹಿಡಿದದ್ದು ಅದೇ ಮೊದಲು.

ಇದು ಮನೆ ವಿಷಯಾನಾ?

ಬಾಬಾಸಾಹೇಬರ ಜಾತಿ ವಿನಾಶ ಎಲ್ಲರ ಮನೇಲೂ ಇದೆ, ಫೇಸ್‌ಬುಕ್ ಕವರ್ ಫೋಟೋದಲ್ಲೂ ಇದೆ. ಅದರ ಮೊದಲ ಪುಟಗಳನ್ನ ಇನ್ನೊಂದ್ಸಲ ತೆಗೆದು ನೋಡಿ. ಇಂದೋರ್ ಸೀಮೆಯ ಬಲಾಯಿ ಜನರಿಗೆ ಅಲ್ಲಿನ ಸವರ್ಣೀಯರು ಹಾಕಿದ ಕಟ್ಟಳೆಗಳ ಪಟ್ಟಿ ಅಲ್ಲಿದೆ. 1928ರ ಪತ್ರಿಕಾ ವರದಿಯಿಂದ ತೆಗೆದದ್ದು. ಏನಿದೆ ಅದರಲ್ಲಿ? ಗಂಡಸರು ಜರಿ ಅಂಚಿನ ಪೇಟ ಸುತ್ತಬಾರದು. ಬಣ್ಣದ ಅಂಚಿನ ಪಂಚೆ ಉಡಬಾರದು. ಹೆಂಗಸರು ಬೆಳ್ಳಿ ಬಂಗಾರ ಹಾಕಬಾರದು, ಚೆಂದದ ಲಂಗ ರವಿಕೆ ತೊಡಬಾರದು. ಸವರ್ಣೀಯ ಹೆಂಗಸರ ಹೆರಿಗೆಗೆಲ್ಲ ಹೋಗಿ ಚಾಕರಿ ಮಾಡಬೇಕು, ಕೊಟ್ಟಷ್ಟು ಇಸ್ಕೋಬೇಕು. ಒಪ್ಪದಿದ್ರೆ ಊರು ಬಿಡಬೇಕು. ನೋಡಿದ್ರಾ? ಪೇಟ, ಪಂಚೆ, ರವಿಕೆ, ಬಾಣಂತನ. ಅವರ ಸಂವಿಧಾನ ಶುರುವಾಗೋದೇ ಬಟ್ಟೆಯ ಅಂಚಿಂದ.

ಅದೇ ಪುಟಗಳಲ್ಲಿ ಜೈಪುರ ಸಂಸ್ಥಾನದ ಚಕವಾರ ಅನ್ನೋ ಊರಿನ ಕಥೆ ಇದೆ. 1936. ತೀರ್ಥಯಾತ್ರೆ ಮುಗಿಸಿ ಬಂದ ನಮ್ಮವನೊಬ್ಬ ತನ್ನವರಿಗೆ ಊಟ ಹಾಕ್ತಾನೆ. ಊಟದಲ್ಲಿ ತುಪ್ಪ ಇತ್ತು. ತನ್ನ ದುಡ್ಡಿನ ತುಪ್ಪ, ತನ್ನ ನೆಂಟರ ಎಲೆ. ಊರವರು ದೊಣ್ಣೆ ಹಿಡಿದು ನುಗ್ಗಿ ಅಡುಗೆ ಕೆಡಿಸಿದರು, ಉಣ್ಣೋರನ್ನ ಬಡಿದರು. ಅಸ್ಪೃಶ್ಯರು ತುಪ್ಪ ತಿನ್ನೋದೇ ಅವರಿಗೆ ಅವಮಾನ ಅನಿಸಿತ್ತು. ಗುಜರಾತಿನ ಝನು ಊರಲ್ಲಿ ನಮ್ಮ ಹೆಂಗಸರು ಲೋಹದ ಕೊಡದಲ್ಲಿ ನೀರು ತಂದರು ಅಂತ ಹಲ್ಲೆ ಆಯ್ತು. ಅದು 1935ರ ಮಾತು.

ತುಪ್ಪ, ಕೊಡ, ರವಿಕೆ. ಬಾಬಾಸಾಹೇಬರು ಜಾತಿಯ ಮೇಲೆ ತಮ್ಮ ಅತಿ ದೊಡ್ಡ ವಾದ ಕಟ್ಟುವಾಗ ಸಾಕ್ಷಿಗೆ ಹುಡುಕಿದ್ದು ಇದನ್ನ. ಅವರಿಗೆ ಇದು ಗಂಭೀರ ವಿಷಯ ಆಗಿತ್ತು, ನಮ್ಮ ತಾಲ್ಲೂಕು ಸಮಿತಿಗೆ ಆಗಲ್ಲ.

ಇನ್ನೂ ಒಂದು. 1927ರ ಡಿಸೆಂಬರ್‌ನಲ್ಲಿ ಮಹಾಡ್‌ನಲ್ಲಿ ಮನುಸ್ಮೃತಿ ಸುಟ್ಟದ್ದು ನಮಗೆ ನೆನಪಿದೆ, ಪ್ರತಿ ವರ್ಷ ಆಚರಿಸ್ತೀವಿ. ಅದೇ ಸಮಾವೇಶದಲ್ಲಿ ಬಾಬಾಸಾಹೇಬರು ಹೆಂಗಸರ ಜೊತೆ ಬೇರೆಯಾಗಿ ಮಾತಾಡಿದ್ದು ಎಷ್ಟು ಜನಕ್ಕೆ ನೆನಪಿದೆ? ಸೀರೆ ಉಡೋ ರೀತಿ ಬದಲಾಯಿಸಿ, ನೋಡಿದ ತಕ್ಷಣ ಜಾತಿ ಹೇಳೋಂಥ ದಪ್ಪ ಒಡವೆ ತೆಗೀರಿ ಅಂತ ಹೇಳಿದ್ದರು. ಪುಸ್ತಕ ಸುಟ್ಟದ್ದೂ ಕ್ರಾಂತಿ, ಸೀರೆಯ ನೆರಿಗೆ ಬದಲಾದದ್ದೂ ಕ್ರಾಂತಿ. ಒಂದಕ್ಕೆ ಫ್ಲೆಕ್ಸ್ ಹಾಕ್ತೀವಿ, ಇನ್ನೊಂದನ್ನ ಮರೆತಿದೀವಿ.

ಈಗ ಅಡುಗೆ ಮನೆಗೆ ಬನ್ನಿ.

2011-12ರಲ್ಲಿ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ ನಡೀತು. ದೇಶದ ಉದ್ದಗಲಕ್ಕೆ ಮನೆ ಮನೆಗೆ ಹೋಗಿ ಅಸ್ಪೃಶ್ಯತೆ ಬಗ್ಗೆ ಕೇಳಿದರು. "ನಿಮ್ಮ ಮನೇಲಿ ಆಚರಿಸ್ತೀರಾ" ಅಂದ್ರೆ ಯಾರು ತಾನೇ ಹೌದು ಅಂತಾರೆ? ಅದಕ್ಕೇ ಇಲ್ಲ ಅಂದವರಿಗೆ ಇನ್ನೊಂದು ಪ್ರಶ್ನೆ ಹಾಕಿದರು: ಪರಿಶಿಷ್ಟ ಜಾತಿಯವರು ನಿಮ್ಮ ಅಡುಗೆ ಮನೆಗೆ ಬಂದ್ರೆ, ನಿಮ್ಮ ಪಾತ್ರೆ ಬಳಸಿದ್ರೆ ಪರವಾಗಿಲ್ವಾ? ಎರಡೂ ಸೇರಿಸಿ ಸುಮಾರು ನೂರಕ್ಕೆ 27 ಮನೆಯವರು ಸಿಕ್ಕಿಬಿದ್ದರು. ಜಾತಿ ಹಿಡಿಯೋಕೆ ಎಲ್ಲಿ ಬಲೆ ಹಾಕಬೇಕು ಅಂತ ಸಮೀಕ್ಷೆ ಮಾಡೋರಿಗೂ ಗೊತ್ತಿತ್ತು. ಡ್ರಾಯಿಂಗ್ ರೂಮಲ್ಲಿ ಎಲ್ಲರೂ ಪ್ರಗತಿಪರರು. ಅಡುಗೆ ಮನೆ ಹೊಸ್ತಿಲು ದಾಟಿದಾಗ ಬಣ್ಣ ಗೊತ್ತಾಗುತ್ತೆ.

ನಮ್ಮವ್ವ ಹದಿನೆಂಟು ವರ್ಷ ಶಾಲೇಲಿ ಬಿಸಿಯೂಟ ಮಾಡಿದಳು. ಅಡುಗೆ ಸಹಾಯಕಿ. ಅವಳಿಗೆ ಆ ಕೆಲಸ ಸಿಕ್ಕಿದ್ದು ಯಾರ ಕೃಪೆಯಿಂದಲೂ ಅಲ್ಲ. ಬಿಸಿಯೂಟದ ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದ್ಯತೆ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2004ರ ಏಪ್ರಿಲ್ 20ರಂದು ಆದೇಶ ಮಾಡಿತ್ತು. ಯಾಕೆ ಮಾಡಿತು ಅಂತ ಯೋಚನೆ ಮಾಡಿ. ಒಂದು ಮಗು ಆರು ವರ್ಷಕ್ಕೆ ನಮ್ಮ ಕೈಯ ಅನ್ನ ಉಂಡರೆ, ಅರವತ್ತಕ್ಕೆ ಅದಕ್ಕೆ ಜಾತಿ ಕಲಿಸೋದು ಕಷ್ಟ. ಒಂದು ಸೌಟು ಮಾಡೋ ಕೆಲಸವನ್ನ ನೂರು ಭಾಷಣ ಮಾಡಲ್ಲ.

ಅದಕ್ಕೇ ಆ ಸೌಟಿನ ಮೇಲೆ ಅಷ್ಟು ಸಿಟ್ಟು. ಅವ್ವ ಸೇರಿದ ಮೊದಲ ವರ್ಷ ಊರಿನವರು ಗಲಾಟೆ ಮಾಡಲಿಲ್ಲ. ಗಲಾಟೆ ಮಾಡಿದ್ರೆ ಕೇಸು ಆಗುತ್ತೆ ಅಂತ ಗೊತ್ತಿತ್ತು. ಒಂದು "ಹೊಂದಾಣಿಕೆ" ಮಾಡಿದರು. ಅವ್ವ ಅಕ್ಕಿ ಆರಿಸಬೇಕು, ತರಕಾರಿ ಹೆಚ್ಚಬೇಕು, ಸೌದೆ ಒಟ್ಟಬೇಕು, ಪಾತ್ರೆ ಉಜ್ಜಬೇಕು. ಒಲೆ ಮೇಲಿನ ಪಾತ್ರೆಗೆ ಕೈ ಹಾಕಬಾರದು, ಬಡಿಸಬಾರದು. ಅವಳು ಹೆಚ್ಚಿದ ಬೀನ್ಸು ಮಡಿ, ಅವಳು ಬಡಿಸಿದ ಸಾರು ಮೈಲಿಗೆ! ಇದು ಯಾವ ಶಾಸ್ತ್ರದಲ್ಲಿದೆ ಅಂತ ಕೇಳಬೇಡಿ. ಕೂಲಿ ಬೇಕು, ಕೈ ಬೇಡ ಅನ್ನೋ ಶಾಸ್ತ್ರ ಅದು. ಮೂರನೇ ವರ್ಷ ಹೆಡ್ ಕುಕ್ ಹೆರಿಗೆಗೆ ರಜೆ ಹಾಕಿದಾಗ ಬೇರೆ ದಾರಿ ಇರಲಿಲ್ಲ, ಅವ್ವ ಸೌಟು ಹಿಡಿದಳು. ಮೊದಲ ದಿನ ಅರ್ಧಕ್ಕರ್ಧ ಮಕ್ಕಳು ಡಬ್ಬಿ ತಂದಿದ್ದರು. ಎರಡು ವಾರ ಹೀಗೇ ನಡೀತು. ಆಮೇಲೆ ಡಬ್ಬಿ ಕಮ್ಮಿ ಆದವು. ಯಾರ ಮನಸ್ಸೂ ಪರಿವರ್ತನೆ ಆಗಲಿಲ್ಲ ಮಾರಾಯ್ರೆ, ಸಾರಿನ ವಾಸನೆಗೆ ಮಕ್ಕಳು ತಡೀಲಿಲ್ಲ ಅಷ್ಟೇ. ಆದ್ರೂ ಉಂಡವಲ್ಲ. ಅಷ್ಟು ಗೆದ್ದಂಗೆ.

ಇದು ಹಳೇ ಕಥೆ ಅಂದುಕೊಳ್ಳಬೇಡಿ. 2025ರ ಜೂನ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ದಲಿತ ಮಹಿಳೆಯನ್ನ ಮುಖ್ಯ ಅಡುಗೆಯವರಾಗಿ ನೇಮಿಸಿದ ಮೇಲೆ ಮಕ್ಕಳನ್ನ ಒಬ್ಬೊಬ್ಬರಾಗಿ ಬಿಡಿಸಿಕೊಂಡು ಹೋಗಿ ಶಾಲೆ ಖಾಲಿಯಾದ ಸುದ್ದಿ. ಪೋಷಕರಲ್ಲಿ ಕೆಲವರು "ಪಾಠ ಸರಿಯಿಲ್ಲ, ಅದಕ್ಕೆ" ಅಂದರು. ಪಾಠ ಸರಿಯಿಲ್ಲ ಅಂತ ಗೊತ್ತಾಗೋಕೆ ಅಡುಗೆಯವರು ಬದಲಾಗಬೇಕಿತ್ತಾ?

ಆವತ್ತು ನಾವೆಲ್ಲ ಪೋಸ್ಟ್ ಹಾಕಿದ್ವಿ, ಖಂಡಿಸಿದ್ವಿ. ಸರಿ. ಆದ್ರೆ ಬಿಸಿಯೂಟದ ಹೆಂಗಸರು ಗೌರವಧನ ಜಾಸ್ತಿ ಮಾಡಿ ಅಂತ ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ಬಿಸಿಲಲ್ಲಿ ಕೂತಾಗ ನಮ್ಮ ನೀಲಿ ಬಾವುಟ ಎಷ್ಟು ಹೋಗಿದ್ವು? "ಗೌರವಧನ" ಅನ್ನೋ ಪದ ನೋಡಿ. ಸಂಬಳ ಅಂದ್ರೆ ಹಕ್ಕು ಬರುತ್ತೆ, ಅದಕ್ಕೆ ಗೌರವಧನ. ಕೇಂದ್ರ ಸರ್ಕಾರ 2009ರಲ್ಲಿ ತಿಂಗಳಿಗೆ 1000 ರೂಪಾಯಿ ಅಂತ ನಿಗದಿ ಮಾಡಿತು, ಅದೂ ವರ್ಷಕ್ಕೆ ಹತ್ತೇ ತಿಂಗಳು. ಹದಿನೈದು ವರ್ಷ ಕಳೆದರೂ ಆ ಸಾವಿರ ಸಾವಿರವಾಗೇ ಇತ್ತು. ರಾಜ್ಯಗಳು ತಮ್ಮ ಕೈಯಿಂದ ಸೇರಿಸಿದ್ದರಿಂದ ಒಂದಿಷ್ಟು ಆಗಿದೆ. ಬೇಸಿಗೆ ರಜೆಯ ಎರಡು ತಿಂಗಳು ಅಡುಗೆಯವಳ ಹೊಟ್ಟೆಗೂ ರಜೆ ಅಂತ ದಿಲ್ಲಿಯಲ್ಲಿ ಅಂದುಕೊಂಡಿರಬೇಕು. ನಮ್ಮನೇಲಿ ಆ ಎರಡು ತಿಂಗಳು ನಡೆದದ್ದು ಮಿಷನ್ನಿಂದ. ಮದುವೆ ಸೀಸನ್ನು, ರವಿಕೆಗೆ ಗಿರಾಕಿ.

ಇನ್ನು ನನ್ನದೇ ಅಡುಗೆ ಮನೆ. ಕೆಲಸ ಸಿಕ್ಕ ಮೇಲೆ ದಾವಣಗೆರೆಯಲ್ಲಿ ಮನೆ ಹುಡುಕಿದೆ. ಮೊದಲ ಪ್ರಶ್ನೆ ಬಾಡಿಗೆ ಬಗ್ಗೆ ಬರಲ್ಲ. "ನೀವು ವೆಜ್ಜಾ?" ಅದು ಊಟದ ಪ್ರಶ್ನೆ ಅಲ್ಲ ಅಂತ ಕೇಳೋರಿಗೂ ಗೊತ್ತು, ನಮಗೂ ಗೊತ್ತು. ನಾಲ್ಕನೇ ಮನೇಲಿ ಸುಳ್ಳು ಹೇಳಿದೆ. ಅವ್ವ ಊರಿಂದ ಬಂದಾಗ ಒಣಮೀನು ತಂದಿದ್ದಳು. ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಹಳೇ ಸೀರೆ ತುರುಕಿ, ಅಗರಬತ್ತಿ ಹಚ್ಚಿ ಸಾರು ಮಾಡಿದ್ವಿ. ಇಬ್ಬರೂ ಮಾತಾಡದೆ ಉಂಡ್ವಿ. ಕೊನೆಗೆ ಅವ್ವ ಅಂದಳು, "ಊರಲ್ಲಿ ಕೇರಿ ಅಂತ ಆಚೆ ಇಟ್ಟಿದ್ರು ಕಣೆ, ಬಾಗಿಲು ತೆಗೆದೇ ಉಣ್ತಿದ್ವಿ." ನಾನು ಸಂಘಟನೆಯಲ್ಲಿ ಆಹಾರದ ಹಕ್ಕು ಅಂತ ಎರಡು ಗಂಟೆ ಮಾತಾಡಬಲ್ಲೆ. ಆವತ್ತು ನನ್ನ ಬಾಯಿಂದ ಒಂದು ಮಾತು ಬರಲಿಲ್ಲ.

ಈಗ ಇದೇ ಅಡುಗೆ, ಹೊಲಿಗೆ ಬೇರೆಯವರ ಕೈಗೆ ಹೋದಾಗ ಏನಾಗುತ್ತೆ ನೋಡಿ. "ಅಜ್ಜಿಯ ಕೈರುಚಿ", "ನಮ್ಮ ಪರಂಪರೆಯ ಅಡುಗೆ" ಅಂತ ರೀಲ್ಸು. ಆ ಅಜ್ಜಿ ಯಾರ ಅಜ್ಜಿ? ಆ ಪರಂಪರೆಯಲ್ಲಿ ಒಣಮಾಂಸ ಇದೆಯಾ, ರಕ್ತದ ಹುರಿ ಇದೆಯಾ, ಬೊಗಸೆಯಲ್ಲಿ ಇಸ್ಕೊಂಡ ತಂಗಳು ಇದೆಯಾ? ಮರಾಠವಾಡದ ದಲಿತರ ಅಡುಗೆ ಬಗ್ಗೆ ಶಾಹೂ ಪಾಟೋಳೆ ಒಂದು ಪುಸ್ತಕ ಬರೆದರು, 2015ರಲ್ಲಿ. ಅನ್ನವೇ ಪೂರ್ಣಬ್ರಹ್ಮ ಅನ್ನೋ ಮಾತನ್ನ ತಿರುಗಿಸಿ ಅದಕ್ಕೆ "ಅನ್ನ ಹೇ ಅಪೂರ್ಣಬ್ರಹ್ಮ" ಅಂತ ಹೆಸರಿಟ್ಟರು. ಎಣ್ಣೆ ಇಲ್ಲದ, ತುಪ್ಪ ಕಾಣದ ಅಡುಗೆಯ ಪಾಕಪುಸ್ತಕ ಅದು. ಅಂಥದ್ದನ್ನ ಬರೆಯೋರು ಕನ್ನಡದಲ್ಲಿ ಎಷ್ಟು ಜನ ಇದೀವಿ? "ಗಂಭೀರ ವಿಷಯ ಬರಿ" ಅಂತ ನಮಗೆ ನಾವೇ ಹೇಳಿಕೊಂಡಿದ್ರ ಫಲ ಇದು. ನಾವು ಬರೀದೇ ಇದ್ದದ್ದನ್ನ ಬೇರೆಯವರು ನಮ್ಮನ್ನ ಬಿಟ್ಟು ಬರೀತಾರೆ.

ಕೌದಿಯದೂ ಇದೇ ಕಥೆ. ಕೌದಿ ಅಂದ್ರೆ ಏನು? ಉಟ್ಟು ಉಟ್ಟು ಹರಿದ ಸೀರೆಯನ್ನ ಪದರ ಪದರ ಹಾಸಿ, ಮೇಲೆ ತುಂಡು ಬಟ್ಟೆ ಜೋಡಿಸಿ, ಅಂಚಿಂದ ಒಳಗಡೆಗೆ ಸಾಲು ಸಾಲಾಗಿ ಕೈಹೊಲಿಗೆ ಹಾಕ್ತಾ ಬರೋದು. ಕಂಬಳಿ ಕೊಳ್ಳೋಕೆ ಆಗದವರ ಹೊದಿಕೆ. ಒಂದು ದೊಡ್ಡ ಕೌದಿಗೆ ಅವ್ವನಿಗೆ ಒಂದು ತಿಂಗಳ ರಾತ್ರಿಗಳು ಬೇಕು. ಊರಲ್ಲಿ ಅದಕ್ಕೆ ಕೊಡ್ತಿದ್ದದ್ದು ಒಂದು ಪಡಿ ಜೋಳ, ಇಲ್ಲಾ ಐವತ್ತು ರೂಪಾಯಿ. ಈಗ ನಗರದ ಪ್ರದರ್ಶನಗಳಲ್ಲಿ ಅದು ಕಲೆ, ಬೆಲೆ ಸಾವಿರಗಳಲ್ಲಿ. ಬರಲಿ, ಬೇಡ ಅನ್ನಲ್ಲ. ಬೆಲೆ ಹೊಲಿದವಳ ಕೈಗೆ ಬರುತ್ತಾ ಅಂತ ಕೇಳ್ತೀನಿ ಅಷ್ಟೇ.

ಇಲ್ಲಿವರೆಗೆ ಓದಿ ಲೈಕ್ ಒತ್ತೋಕೆ ಹೊರಟ ಅಣ್ಣಂದಿರೇ, ಸ್ವಲ್ಪ ತಡೀರಿ. ಇನ್ನು ಮುಂದಿನದು ನಿಮಗೆ.

ಹೋದ ಏಪ್ರಿಲ್ 14. ನಮ್ಮೂರಲ್ಲಿ ಜಯಂತಿ. ನಾನೂ ಸಮಿತಿಯಲ್ಲಿದ್ದೆ, ಹಾಗಾಗಿ ತಪ್ಪಲ್ಲಿ ನನಗೂ ಪಾಲಿದೆ. ಖರ್ಚಿನ ಪಟ್ಟಿ ನನ್ನ ಹತ್ರಾನೇ ಇದೆ. ಶಾಮಿಯಾನ, ಮೈಕು, ಫ್ಲೆಕ್ಸು, ಹಾರ, ಅತಿಥಿಗಳ ಪ್ರಯಾಣ, ಶಾಲು, ನೆನಪಿನ ಕಾಣಿಕೆ, ದಿನಸಿ, ಬಾವುಟದ ಬಟ್ಟೆ. ಎಲ್ಲಕ್ಕೂ ರಸೀದಿ ಇದೆ. ಎರಡು ಸಾಲು ಮಾತ್ರ ಪಟ್ಟಿಯಲ್ಲೇ ಇಲ್ಲ. ಅಡುಗೆ ಕೂಲಿ. ಬಾವುಟ ಹೊಲಿದ ಕೂಲಿ.

ಬಟ್ಟೆಗೆ ದುಡ್ಡಿದೆ, ಹೊಲಿದ ಕೈಗಿಲ್ಲ. ಅಕ್ಕಿಗೆ ದುಡ್ಡಿದೆ, ಬೇಯಿಸಿದ ಕೈಗಿಲ್ಲ. ಯಾಕೆ ಅಂತ ಕೇಳಿದಾಗ ಬಂದ ಉತ್ತರ: "ನಮ್ಮ ಹೆಣ್ಮಕ್ಕಳೇ ಅಲ್ವಾ, ಪ್ರೀತಿಯಿಂದ ಮಾಡ್ತಾರೆ." ಬಲಾಯಿ ಹೆಂಗಸರು ಬಾಣಂತನ ಮಾಡಿ ಕೊಟ್ಟಷ್ಟು ಇಸ್ಕೋಬೇಕು ಅಂದ ಊರಗೌಡರ ಹತ್ರಾನೂ ಇಂಥದ್ದೇ ಒಂದು ಒಳ್ಳೆ ಉತ್ತರ ಇದ್ದಿರಬೇಕು. ಮೈಕಿನವನು ನಮ್ಮ ಹುಡುಗನೇ, ಅವನೂ ಪ್ರೀತಿಯಿಂದ ಮಾಡಬಹುದಿತ್ತಲ್ವಾ?

ಅವ್ವ ಒಂದು ವಾರ ರಾತ್ರಿ ಕೂತು ಬಾವುಟ ಹೊಲಿದಳು. ನಡುವೆ ಚಕ್ರ ಕೂರಿಸೋದು ಸುಲಭ ಅಲ್ಲ, ಬಟ್ಟೆ ಸುಕ್ಕಾಗುತ್ತೆ. ಹದಿಮೂರನೇ ತಾರೀಕು ರಾತ್ರಿಯಿಂದ ಒಂಬತ್ತು ಹೆಂಗಸರು ಶಾಲೆ ಹಿಂದೆ ಮೂರು ಒಲೆ ಹೂಡಿ ನಾನೂರು ಜನಕ್ಕೆ ಅಡುಗೆ ಮಾಡಿದರು. ಬೆಳಿಗ್ಗೆ ಮೆರವಣಿಗೆ ಹೋಯಿತು, ಅವರು ಹೋಗಲಿಲ್ಲ. ಮಧ್ಯಾಹ್ನ ವೇದಿಕೆಯಲ್ಲಿ ಹದಿನಾಲ್ಕು ಕುರ್ಚಿ, ಅದರಲ್ಲಿ ಹೆಣ್ಣು ಒಬ್ಬಳು, ನಾನು. ಮುಖ್ಯ ಭಾಷಣಕಾರರು ಮಹಿಳಾ ವಿಮೋಚನೆ, ಹಿಂದೂ ಕೋಡ್ ಬಿಲ್, 1951ರ ರಾಜೀನಾಮೆ ಎಲ್ಲ ಚೆನ್ನಾಗಿ ಹೇಳಿದರು. ಮೈಕಿನ ಸದ್ದು ಒಲೆ ತನಕ ಕೇಳ್ತಿತ್ತು. ಆದ್ರೆ ಅವರಿಗೆ ಕೇಳೋಕೆ ಪುರಸೊತ್ತಿರಲಿಲ್ಲ. ನಾಲ್ಕು ಗಂಟೆಗೆ ಎಲ್ಲರದ್ದೂ ಮುಗಿದ ಮೇಲೆ ಒಂಬತ್ತು ಜನಾನೂ ನೆಲಕ್ಕೆ ಕೂತು ತಳ ಹಿಡಿದ ಅನ್ನ ಉಂಡರು. ಸಾರು ಮುಗಿದಿತ್ತು. ಅವ್ವ ಉಪ್ಪಿನಕಾಯಿ ನೆಂಚಿಕೊಂಡಳು.

ಬಾಬಾಸಾಹೇಬರ ಹುಟ್ಟುಹಬ್ಬದ ದಿನ ನಮ್ಮದೇ ಪಂಕ್ತಿಯಲ್ಲಿ ಕೊನೆಗೆ ಉಂಡವರು ಯಾರು ಅಂತ ಬರೆದಿಡಿ.

ಊರವರು ನಮ್ಮನ್ನ ಕೊನೇ ಪಂಕ್ತಿಗೆ ಕೂರಿಸಿದ್ರೆ ಅದಕ್ಕೊಂದು ಹೆಸರಿದೆ, ಕಾನೂನಿದೆ, 1989ರ ಕಾಯ್ದೆ ಇದೆ. ನಾವೇ ನಮ್ಮವರನ್ನ ಕೂರಿಸಿದ್ರೆ ಅದರ ಹೆಸರು "ಪ್ರೀತಿ".

"ಇದು ನಮ್ಮಲ್ಲಿ ಮಾತ್ರ ಇದೆಯಾ, ಎಲ್ಲ ಜಾತಿಯಲ್ಲೂ ಇದೆ" ಅನ್ನೋರಿದ್ದಾರೆ. ಹೌದು ಇದೆ. 2019ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಮನೆಗೆಲಸ ಮಾಡೋ ಹೆಂಗಸರು ಕೂಲಿಯಿಲ್ಲದ ಆ ಕೆಲಸಕ್ಕೆ ದಿನಕ್ಕೆ 299 ನಿಮಿಷ ಕೊಡ್ತಾರೆ, ಮಾಡೋ ಗಂಡಸರು 97 ನಿಮಿಷ. ಅಂಥ ಗಂಡಸರೇ ನೂರಕ್ಕೆ 26. ಎಲ್ಲ ಜಾತಿಯ ಲೆಕ್ಕ ಇದು. ಆದ್ರೆ ಉಳಿದ ಜಾತಿಯವರು ಸಮಾನತೆ ಅಂತ ಬಾವುಟ ಹಿಡಿದಿಲ್ಲ, ನಾವು ಹಿಡಿದಿದೀವಿ. ಅವರ ಮನೆ ನೋಡಿ ನಮ್ಮ ಮನೆ ಕಟ್ಟೋದಾದ್ರೆ ನಮಗೆ ಬೇರೆ ಚಳವಳಿ ಯಾಕೆ?

"ಮೊದಲು ಜಾತಿ ಹೋಗಲಿ, ಆಮೇಲೆ ಮನೆ ವಿಷಯ" ಅನ್ನೋರಿಗೂ ಒಂದು ಮಾತು. 1942ರ ಜುಲೈ 20ರಂದು ನಾಗಪುರದಲ್ಲಿ ದಲಿತ ಮಹಿಳೆಯರ ದೊಡ್ಡ ಸಮಾವೇಶ ಆಯ್ತು, ಸಾವಿರಾರು ಹೆಂಗಸರು ಬಂದಿದ್ದರು. ಮದುವೆಯಾದ ಹೆಣ್ಣು ಗಂಡನಿಗೆ ಸಮಾನಳಾಗಿ, ಗೆಳತಿಯಾಗಿ ನಿಲ್ಲಬೇಕು, ಗುಲಾಮಳಾಗೋಕೆ ಒಪ್ಪಬಾರದು ಅನ್ನೋ ಅರ್ಥದ ಮಾತನ್ನ ಬಾಬಾಸಾಹೇಬರು ಅಲ್ಲೇ ಹೇಳಿದರು. ಜಾತಿ ಹೋದ ಮೇಲೆ ಅಂತ ಅವರು ಹೇಳಲಿಲ್ಲ. ಆದ್ರೂ ಏನಾಯ್ತು? ಬೇಬಿತಾಯಿ ಕಾಂಬಳೆ ತಮ್ಮ ಆತ್ಮಕಥೆಯನ್ನ ಗಂಡನಿಗೆ ಕಾಣದ ಹಾಗೆ ಬಚ್ಚಿಟ್ಟು ಬರೆದರು. ಎರಡು ದಶಕ ಆ ಹಾಳೆಗಳು ಹೊರಗೆ ಬರಲಿಲ್ಲ. ಅಂಬೇಡ್ಕರ್ ಚಳವಳಿಯಲ್ಲಿ ಬೆಳೆದ ಹೆಣ್ಣುಮಗಳು, ಅಂಬೇಡ್ಕರ್ ಚಳವಳಿಯ ಬಗ್ಗೆ ಬರೆದದ್ದನ್ನ ತನ್ನ ಮನೆಯವರಿಂದಲೇ ಬಚ್ಚಿಟ್ಟಳು. ಇದನ್ನ ಓದಿ ನಾಚಿಕೆ ಆಗದಿದ್ರೆ ನಮ್ಮ ಓದಿಗೆ ಬೆಲೆ ಇಲ್ಲ.

ಇನ್ನು ಹೊಲಿಗೆ ಮಿಷನ್ ವಿತರಣೆ. ಪ್ರತಿ ಚುನಾವಣೆಗೆ ಮುಂಚೆ ಯಾರೋ ಒಬ್ಬರು ಬಂದು ಕೇರಿಯ ಹೆಣ್ಮಕ್ಕಳಿಗೆ ಮಿಷನ್ ಕೊಟ್ಟು ಫೋಟೊ ತೆಗೆಸ್ಕೋತಾರೆ. ನಾವೂ ಪಕ್ಕದಲ್ಲಿ ನಿಂತಿರ್ತೀವಿ. ಹುಡುಗರಿಗೆ ಲ್ಯಾಪ್‌ಟಾಪು, ಹುಡುಗಿಯರಿಗೆ ಮಿಷನ್ನು. ಒಂದೇ ಕೇರಿಯಲ್ಲಿ ನಲವತ್ತು ಮಿಷನ್ ಕೊಟ್ರೆ ಯಾರು ಯಾರ ರವಿಕೆ ಹೊಲೀಬೇಕು? ಮಿಷನ್ ಬೇಡ ಅಂತಲ್ಲ, ನಮ್ಮನ್ನ ಓದಿಸಿದ್ದೇ ಅದು. ಕೆಲಸ ಕೊಡದೆ ಬರೀ ಮಿಷನ್ ಕೊಡೋದು ಗದ್ದೆ ಕೊಡದೆ ನೇಗಿಲು ಕೊಟ್ಟ ಹಾಗೆ.

ಹೊಲಿಯೋ ಹೆಂಗಸರ ಶಕ್ತಿ ಬಗ್ಗೆ ಅನುಮಾನ ಇರೋರು 2016ರ ಏಪ್ರಿಲ್ 18, 19 ನೆನಪು ಮಾಡಿಕೊಳ್ಳಿ. ಪಿಎಫ್ ದುಡ್ಡಲ್ಲಿ ಮಾಲೀಕರ ಪಾಲನ್ನ 58 ವರ್ಷ ಆಗೋತನಕ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ನಿಯಮ ತಂದಿತ್ತು. ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಮಿಷನ್ ಬಿಟ್ಟು ಬೀದಿಗೆ ಬಂದರು. ಸಾವಿರ ಸಾವಿರ ಜನ. ಹೊಸೂರು ರಸ್ತೆ ನಿಂತುಹೋಯ್ತು, ತುಮಕೂರು ರಸ್ತೆ ನಿಂತುಹೋಯ್ತು. ಲಾಠಿ ಬಿತ್ತು, ಅಶ್ರುವಾಯು ಬಿತ್ತು. ಎರಡನೇ ದಿನ ಸಂಜೆಗೆ ದಿಲ್ಲಿ ಸರ್ಕಾರ ನಿಯಮ ವಾಪಸ್ ತಗೊಂಡಿತು. ಅವರನ್ನ ಕರೆದುಕೊಂಡು ಬಂದ ದೊಡ್ಡ ನಾಯಕ ಯಾರೂ ಇರಲಿಲ್ಲ, ಶಾಲು ಇರಲಿಲ್ಲ, ಹದಿನಾಲ್ಕು ಕುರ್ಚಿಯೂ ಇರಲಿಲ್ಲ. ಅವರಲ್ಲಿ ನಮ್ಮ ಕೇರಿಗಳಿಂದ ಹೋದ ಹೆಣ್ಮಕ್ಕಳೂ ಇದ್ದರು. ನನ್ನ ಚಿಕ್ಕಮ್ಮನ ಮಗಳಿದ್ದಳು. ಆ ವಾರ ನಮ್ಮ ತಾಲ್ಲೂಕು ಸಭೆಯಲ್ಲಿ ಇದರ ಬಗ್ಗೆ ಒಂದು ಮಾತು ಬರಲಿಲ್ಲ. ಜಯಂತಿಯ ಖರ್ಚು ಲೆಕ್ಕ ಹಾಕ್ತಿದ್ವಿ.

ಬರೀ ಬೈದು ಹೋಗೋಕೆ ಇದನ್ನ ಬರೀತಿಲ್ಲ. ಕೇಳೋದು ಇದೆ. ನಮ್ಮ ಸಮಿತಿಗೆ ಬರವಣಿಗೆಯಲ್ಲೂ ಕೊಡ್ತೀನಿ.

1. ಮುಂದಿನ ಜಯಂತಿಯಿಂದ ಖರ್ಚಿನ ಪಟ್ಟಿಯಲ್ಲಿ ಅಡುಗೆ ಕೂಲಿ, ಹೊಲಿಗೆ ಕೂಲಿ ಅಂತ ಎರಡು ಸಾಲು ಇರಬೇಕು. ಮೈಕಿನವನಿಗೆ ಕೊಟ್ಟ ದಿನವೇ ಅವರಿಗೂ ಕೊಡಬೇಕು. ದುಡ್ಡಿಲ್ಲ ಅಂದ್ರೆ ಒಂದು ಫ್ಲೆಕ್ಸ್ ಕಮ್ಮಿ ಮಾಡಿ. ನಿಮ್ಮ ಮುಖ ಊರಿಗೆಲ್ಲ ಗೊತ್ತಿದೆ.

2. ಅಡುಗೆಗೆ ಪಾಳಿ ಹಾಕಿ. ಪದಾಧಿಕಾರಿಗಳ ಹೆಸರು ಮೊದಲು. ಈರುಳ್ಳಿ ಹೆಚ್ಚೋಕೆ ಪದವಿ ಬೇಕಾಗಿಲ್ಲ. ಮೆರವಣಿಗೆ ಹೋಗುವಾಗ ಒಲೆ ಹತ್ರ ಗಂಡಸರು ಇರಲಿ, ಹೆಂಗಸರು ಬಾವುಟ ಹಿಡಿದು ಮುಂದೆ ಹೋಗಲಿ. ಹೊಲಿದವರೇ ಹಿಡೀಲಿ.

3. ಬಿಸಿಯೂಟದವರ ಬೇಡಿಕೆ ನಮ್ಮ ಮನವಿ ಪತ್ರದಲ್ಲಿ ಬರಬೇಕು. ಗೌರವಧನ ಅಲ್ಲ, ಸಂಬಳ. ಹತ್ತು ತಿಂಗಳಲ್ಲ, ಹನ್ನೆರಡು. ದಲಿತ ಅಡುಗೆಯವರ ಕೈಯಿಂದ ಸೌಟು ಕಿತ್ತುಕೊಂಡ ಕಡೆ "ಹೊಂದಾಣಿಕೆ" ಸಭೆಗೆ ನಾವು ಹೋಗೋದು ಬೇಡ. ಕೇಸು ಹಾಕೋಕೆ ಹೋಗೋಣ.

4. ಮಿಷನ್ ವಿತರಣೆಯ ಫೋಟೋಗೆ ನಿಲ್ಲೋದು ಬಿಡಿ. ಹಾಸ್ಟೆಲ್ ಮಕ್ಕಳ ಸಮವಸ್ತ್ರ ಹೊಲಿಯೋ ಕೆಲಸ ಕೇರಿಯ ಹೆಣ್ಮಕ್ಕಳ ಸಂಘಗಳಿಗೆ ಕೊಡಿ ಅಂತ ಇಲಾಖೆ ಮುಂದೆ ಕೂರೋಣ.

5. ಸಭೆಯ ಟೈಮ್ ಬದಲಾಯಿಸಿ. ಸಂಜೆ ಏಳಕ್ಕೆ ಸಭೆ ಇಟ್ಟು "ಹೆಣ್ಮಕ್ಕಳು ಬರಲ್ಲ" ಅಂತೀರಿ. ಏಳಕ್ಕೆ ಅವರು ಒಲೆ ಮುಂದೆ ಇರ್ತಾರೆ, ನಿಮಗೇ ಬೇಯಿಸ್ತಾ.

"ಚಳವಳಿಯ ಒಳಗಿನ ಮಾತನ್ನ ಹೊರಗೆ ಹಾಕಿದೆ, ಶತ್ರುಗಳು ಬಳಸ್ಕೋತಾರೆ" ಅಂತ ಯಾರಾದ್ರೂ ಬರೀತೀರಿ ಅಂತ ಗೊತ್ತು. ಬಳಸ್ಕೊಳ್ಳಲಿ. ಮೊದಲು ಅವರ ಅಡುಗೆ ಮನೆಗೆ ನಮ್ಮನ್ನ ಕರೀಲಿ, ಆಮೇಲೆ ನಮ್ಮ ಅಡುಗೆ ಮನೆ ಬಗ್ಗೆ ಮಾತಾಡಲಿ. ಅವರಿಗೆ ಹೆದರಿ ನಮ್ಮವ್ವಂದಿರು ತಳ ಹಿಡಿದ ಅನ್ನ ಉಣ್ಣೋದು ಬೇಡ.

ನನಗೆ ಮೆಸೇಜ್ ಮಾಡಿದ ಅಣ್ಣಾ, ನೀವು ಕಲಿಸಿದ ಪಾಠವೇ ಇದು. ಹಾಸ್ಟೆಲ್ ದಿನಗಳಲ್ಲಿ ಒಂದು ಸಲ ನೀವೇ ಹೇಳಿದ್ರಿ, ಬಾಬಾಸಾಹೇಬರು ಚಿಕ್ಕವರಿದ್ದಾಗ ಶಾಲೇಲಿ ಕೂರೋಕೆ ಗೋಣಿತಟ್ಟು ಮನೆಯಿಂದ ಒಯ್ದು ಸಂಜೆ ವಾಪಸ್ ತರಬೇಕಿತ್ತು ಅಂತ. ಕ್ಷೌರಿಕ ಮುಟ್ಟದ್ದಕ್ಕೆ ಅಕ್ಕನೇ ಅವರ ತಲೆಕೂದಲು ಕತ್ತರಿಸ್ತಿದ್ದಳು ಅಂತ. ಹೇಳುವಾಗ ನಿಮ್ಮ ಕಣ್ಣಲ್ಲಿ ನೀರು ಬಂದಿತ್ತು. ಆ ಗೋಣಿ, ಆ ಕತ್ತರಿ, ಆ ಅಕ್ಕ, ಇವೆಲ್ಲ ಮನೆ ವಿಷಯವೇ ಅಲ್ವಾ ಅಣ್ಣಾ? ಆ ಅಕ್ಕನ ಕೈಗಳು ನಮ್ಮ ಯಾವ ಫ್ಲೆಕ್ಸಿನಲ್ಲಿವೆ?

ಇದನ್ನ ಪೋಸ್ಟ್ ಮಾಡೋ ಮುಂಚೆ ಅವ್ವನಿಗೆ ಓದಿ ಹೇಳಿದೆ. ಸೂಜಿಗೆ ದಾರ ಪೋಣಿಸ್ತಾ ಪೂರ್ತಿ ಕೇಳಿದಳು. "ಎಲ್ಲ ಸರಿ ಬರ್ದಿದೀಯ. ಆ ಗಂಡಸರು ಅಡುಗೆಗೆ ನಿಂತ್ರೆ ನಾನೂರು ಜನದ ಸಾರಿಗೆ ಉಪ್ಪು ಎಷ್ಟು ಅಂತ ಗೊತ್ತಾ ಅವ್ರಿಗೆ?" ಅಂದಳು.

ಗೊತ್ತಿಲ್ಲ ಅವ್ವ. ಕಲೀಲಿ. ಒಂದು ವರ್ಷ ಉಪ್ಪು ಜಾಸ್ತಿ ಆದ್ರೆ ಉಂಡುಕೊಂಡು ಹೋಗೋಣ.

ಒಪ್ಪೋರು ಹಂಚಿಕೊಳ್ಳಿ. ಒಪ್ಪದವರು ನಿಮ್ಮೂರ ಜಯಂತಿಯ ಖರ್ಚಿನ ಪಟ್ಟಿ ಕೆಳಗೆ ಹಾಕಿ, ಅಡುಗೆ ಲೆಕ್ಕ ತೋರಿಸಿ. ಆಮೇಲೆ ಮಾತಾಡೋಣ.

ಜೈಭೀಮ್.